ಕಡಲ ಮಂಜು, ಮರುಭೂಮಿಯ ದ್ರಾಕ್ಷಿ: ಮೆಕ್ಸಿಕೊದ ಗ್ವಾದಲೂಪೆ ಕಣಿವೆಯ ವೈನ್ ಸಂಸ್ಕೃತಿ

ಮೆಕ್ಸಿಕೊ ದೇಶದ ವಾಯವ್ಯ ಮೂಲೆಯಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್ ಉದ್ದ ಚಾಚಿಕೊಂಡಿರುವ ಬಾಹಾ ಕ್ಯಾಲಿಫೋರ್ನಿಯ ಪರ್ಯಾಯದ್ವೀಪದ ಬಹುಭಾಗ ಮರುಭೂಮಿಯಾಗಿದ್ದು, ಎರಡೂ ಮಗ್ಗುಲಲ್ಲಿ ಕಡಲಿದ್ದರೂ ಕುಡಿಯುವ ನೀರಿಗೆ ಅಲ್ಲಿನ ಜನ ತಲೆಮಾರುಗಳಿಂದ ಪರದಾಡುತ್ತ ಬಂದಿದ್ದಾರೆ. ಇಂತಹ ನೆಲದ ಉತ್ತರ ತುದಿಯಲ್ಲಿ, ಪೆಸಿಫಿಕ್ ಸಾಗರದ ದಡದ ಎನ್ಸೆನಾಡ ಎಂಬ ಬಂದರು ನಗರದಿಂದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಗ್ವಾದಲೂಪೆ ಕಣಿವೆ ಇಂದು ಮೆಕ್ಸಿಕೊದಲ್ಲಿ ತಯಾರಾಗುವ ವೈನಿನ ಬಹುಪಾಲನ್ನು ಕೊಡುವ ಸೀಮೆಯ ಹೃದಯಭಾಗವಾಗಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ವಾಯೆ ದೆ ಗ್ವಾದಲೂಪೆ ಎಂದು ಕರೆಯಲಾಗುವ ಈ ಕಣಿವೆಯಲ್ಲಿ 1980ರ ದಶಕದವರೆಗೆ ಬೆರಳೆಣಿಕೆಯಷ್ಟಿದ್ದ ವೈನ್ ತಯಾರಿಕಾ ಘಟಕಗಳು ಈಗ ನೂರನ್ನು ಮೀರಿವೆ. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ಹಳೆಯ ದ್ರಾಕ್ಷಿ ಸೀಮೆಗಳಲ್ಲಿ ಶತಮಾನಗಳ ಕಾಲ ನಿಧಾನವಾಗಿ ಬೆಳೆದುಬಂದ ಸಂಸ್ಕೃತಿಯೊಂದು ಇಲ್ಲಿ ಒಂದೇ ತಲೆಮಾರಿನ ಅವಧಿಯಲ್ಲಿ ರೂಪುಗೊಂಡಿರುವುದರಿಂದ, ಅದರ ಏಳಿಗೆಯ ಜೊತೆಗೆ ಅದರ ಸಂಕಟವನ್ನೂ ಒಟ್ಟಿಗೇ ನೋಡುವ ಅವಕಾಶ ಒದಗಿದೆ.

ಕಡಲು ಕೊಟ್ಟ ತಂಪು

ವೈನಿಗೆ ಒದಗುವ ದ್ರಾಕ್ಷಿ ಸಾಮಾನ್ಯವಾಗಿ ಭೂಮಧ್ಯರೇಖೆಯ ಎರಡೂ ಬದಿಯ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಕೃಷಿಶಾಸ್ತ್ರದ ಹಳೆಯ ತಿಳಿವಳಿಕೆ. ಗ್ವಾದಲೂಪೆ ಕಣಿವೆ 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಆ ಪಟ್ಟಿಯ ಬಿಸಿ ಅಂಚಿಗೆ ಸೇರುತ್ತದೆ. ಅಕ್ಷಾಂಶವೊಂದನ್ನೇ ನೋಡಿದರೆ ಇಲ್ಲಿ ಒಳ್ಳೆಯ ದ್ರಾಕ್ಷಿ ಬೆಳೆಯುವುದು ಕಷ್ಟವೆನಿಸಬೇಕಾಗಿತ್ತು. ಆದರೆ ಉತ್ತರದ ಅಲಾಸ್ಕಾ ಕಡೆಯಿಂದ ತಣ್ಣೀರನ್ನು ತರುವ ಕ್ಯಾಲಿಫೋರ್ನಿಯ ಪ್ರವಾಹ ಈ ಕರಾವಳಿಯ ಅಂಚಿನಲ್ಲೇ ಹರಿಯುವುದರಿಂದ ಬೇಸಿಗೆಯಲ್ಲೂ ಸಮುದ್ರದ ಮೇಲ್ಮೈ ತಣ್ಣಗಿರುತ್ತದೆ, ಅದರ ಮೇಲೆ ಬೀಸಿಬರುವ ಗಾಳಿಯ ತೇವಾಂಶ ಮಂಜಾಗುತ್ತದೆ. ಕರಾವಳಿಯ ಬೆಟ್ಟಸಾಲುಗಳು ಸಾಮಾನ್ಯವಾಗಿ ಕಡಲಿಗೆ ಸಮಾನಾಂತರವಾಗಿ ನಿಂತು ಗಾಳಿಯನ್ನು ತಡೆಯುತ್ತವೆಯಾದರೂ, ಗ್ವಾದಲೂಪೆ ಕಣಿವೆ ಈಶಾನ್ಯದಿಂದ ನೈಋತ್ಯಕ್ಕೆ ಮಲಗಿ ಸಾಗರದ ಕಡೆಗೆ ತೆರೆದುಕೊಂಡಿರುವುದರಿಂದ, ಮಧ್ಯಾಹ್ನದ ನಂತರ ಕಡಲ ಗಾಳಿಯೂ ರಾತ್ರಿಯ ಹೊತ್ತಿಗೆ ಮಂಜೂ ತೋಟಗಳವರೆಗೆ ಬಂದು ತಲುಪುತ್ತವೆ.

ಹಗಲಿನ ಸುಡು ಬಿಸಿಲಿಗೂ ರಾತ್ರಿಯ ತಂಪಿಗೂ ನಡುವಿನ ಈ ದೊಡ್ಡ ಅಂತರವೇ ಹಣ್ಣಿನ ಗುಣವನ್ನು ನಿರ್ಧರಿಸುತ್ತದೆ. ಬಿಸಿಲು ಹಣ್ಣಿನಲ್ಲಿ ಸಕ್ಕರೆಯನ್ನು ಕೂಡಿಸುತ್ತದೆ, ತಂಪು ರಾತ್ರಿ ಹುಳಿಯನ್ನು ಉಳಿಸುತ್ತದೆ. ಹುದುಗುವಿಕೆಯಲ್ಲಿ ಸಕ್ಕರೆ ಮದ್ಯಸಾರವಾಗಿ ಮಾರ್ಪಟ್ಟ ಮೇಲೆ ವೈನಿಗೆ ಚುರುಕು ಕೊಡುವುದು ಆ ಹುಳಿಯೇ ಆದ್ದರಿಂದ, ಅದು ನಶಿಸಿದ ಹಣ್ಣಿನಿಂದ ಸಪ್ಪೆಯೂ ಭಾರವೂ ಆದ ಪಾನೀಯವಷ್ಟೇ ದೊರೆಯುತ್ತದೆ. ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದಲ್ಲಿ ಮಾತ್ರ, ಅದೂ ವರ್ಷಕ್ಕೆ 250 ಮಿಲಿಮೀಟರ್ ಆಸುಪಾಸಿನಲ್ಲಿ ಬೀಳುತ್ತದೆ. ಹಣ್ಣು ಮಾಗುವ ಬೇಸಿಗೆ ಪೂರ್ತಿ ಒಣಗಿರುವುದರಿಂದ ತೇವದಲ್ಲಿ ಹರಡುವ ಬೂಷ್ಟು ರೋಗಗಳ ಕಾಟ ಕಡಿಮೆ. ವಿಜಯಪುರ, ಬಾಗಲಕೋಟೆ ಸೀಮೆಯ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟನಿ (ಬಳ್ಳಿ ಸವರುವಿಕೆ) ಮಾಡಿ, ಎರಡನೆಯ ಚಾಟನಿಯ ನಂತರ ಹಣ್ಣು ಪಡೆಯುವ ಉಷ್ಣವಲಯದ ಪದ್ಧತಿ ಇಲ್ಲಿಲ್ಲ. ಚಳಿಗೆ ಎಲೆ ಉದುರಿಸಿ ಬಳ್ಳಿ ತಾನಾಗಿಯೇ ನಿದ್ರೆಗೆ ಜಾರುತ್ತದೆ, ವಸಂತದಲ್ಲಿ ಚಿಗುರುತ್ತದೆ, ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲಿಗೆ ಬರುತ್ತದೆ.

ಕಣಿವೆಯ ಇಳಿಜಾರುಗಳಲ್ಲಿ ಗ್ರಾನೈಟ್ ಬಂಡೆಗಳು ಶಿಥಿಲಗೊಂಡು ಉಂಟಾದ ಒರಟು ಮಣ್ಣೂ, ತಗ್ಗಿನಲ್ಲಿ ಹೊಳೆ ತಂದು ಹಾಕಿದ ಮರಳು ಮಿಶ್ರಿತ ಮೆಕ್ಕಲೂ ಇವೆ. ನೀರು ಬೇಗನೆ ಬಸಿದುಹೋಗುವ, ಸತ್ವ ಹೆಚ್ಚಿಲ್ಲದ ಇಂತಹ ಮಣ್ಣಿನಲ್ಲಿ ಬಳ್ಳಿ ಬೇರನ್ನು ಆಳಕ್ಕೆ ಇಳಿಸುತ್ತದೆ, ಸೊಪ್ಪು ಸೊಗಸಾಗಿ ಬೆಳೆಸುವ ಬದಲು ಚಿಕ್ಕ ಗಾತ್ರದ ಹಣ್ಣನ್ನು ಬಿಡುತ್ತದೆ. ಕೆಂಪು ವೈನಿನ ಬಣ್ಣವೂ ಟ್ಯಾನಿನ್ ಎಂಬ ಒಗರಿನ ಅಂಶವೂ ಬಹುಮಟ್ಟಿಗೆ ಬರುವುದು ಹಣ್ಣಿನ ಸಿಪ್ಪೆಯಿಂದಾದ್ದರಿಂದ, ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚಿರುವ ಈ ಚಿಕ್ಕ ಹಣ್ಣುಗಳಿಂದ ಗಾಢವಾದ, ಮೈಗಟ್ಟಿನ ವೈನ್ ಬರುತ್ತದೆ.

ವಲಸಿಗರು ಕಟ್ಟಿದ ಕಣಿವೆ

ದ್ರಾಕ್ಷಿ ಬರುವ ಮೊದಲೂ ಈ ಕಣಿವೆ ಜನರಿಲ್ಲದ ಜಾಗವಾಗಿರಲಿಲ್ಲ. ಓಕ್ ಮರದ ಬೀಜವನ್ನು ಕುಟ್ಟಿ, ಅದರ ಕಹಿಯನ್ನು ನೀರಿನಲ್ಲಿ ತೊಳೆದು ಆಹಾರ ಮಾಡಿಕೊಳ್ಳುತ್ತಿದ್ದ, ಬುಟ್ಟಿ ಹೆಣೆಯುವುದರಲ್ಲಿ ಇಂದಿಗೂ ಹೆಸರಾದ ಕುಮಿಯಾಯ್ ಎಂಬ ಮೂಲನಿವಾಸಿಗಳ ನಾಡು ಇದು. 1848ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊಗಳ ನಡುವೆ ಗಡಿ ಎಳೆದಾಗ ಈ ಸಮುದಾಯವೇ ಎರಡು ದೇಶಗಳಿಗೆ ಹಂಚಿಹೋಯಿತು. ಕಣಿವೆಯ ಸಮೀಪದ ಸಾನ್ ಅಂತೋನಿಯೊ ನೆಕುವ, ಸಾನ್ ಹೊಸೆ ದೆ ಲಾ ಸೊರ‍್ರ ಎಂಬ ಹಳ್ಳಿಗಳಲ್ಲಿ ಅವರ ಮನೆಗಳು ಇಂದಿಗೂ ಇವೆ.

ಕ್ರೈಸ್ತ ಪೂಜಾವಿಧಿಗೆ ವೈನ್ ಅಗತ್ಯವಾಗಿದ್ದುದರಿಂದ ಸ್ಪೇನಿನ ಪಾದ್ರಿಗಳು ಹೋದಲ್ಲೆಲ್ಲ ದ್ರಾಕ್ಷಿ ಬಳ್ಳಿಯನ್ನೂ ಒಯ್ದರು. 18ನೆಯ ಶತಮಾನದ ಆರಂಭದಲ್ಲಿ ಜೆಸ್ಯೂಟ್ ಪಾದ್ರಿ ಹುವಾನ್ ದೆ ಉಗಾರ್ತೆ ಪರ್ಯಾಯದ್ವೀಪದ ದಕ್ಷಿಣ ಭಾಗದಲ್ಲಿ ಬಳ್ಳಿ ನೆಡಿಸಿದನು. ಮುಂದೆ ಮಿಷನ್ ಎಂಬ ಧರ್ಮಕೇಂದ್ರಗಳ ಸಾಲು ಉತ್ತರಕ್ಕೆ ಬೆಳೆದಂತೆ ದ್ರಾಕ್ಷಿಯೂ ಅದರ ಹಿಂದೆಯೇ ಸಾಗಿ, ಇಂದು ಅಮೆರಿಕಕ್ಕೆ ಸೇರಿರುವ ಕ್ಯಾಲಿಫೋರ್ನಿಯವನ್ನು ತಲುಪಿತು. ಜಗತ್ಪ್ರಸಿದ್ಧವಾದ ನಾಪಾ ಕಣಿವೆಯ ವೈನ್ ಉದ್ಯಮಕ್ಕಿಂತ ಬಾಹಾದ ಬಳ್ಳಿಯೇ ಹಿರಿಯದು. ಮಿಸಿಯೋನ್ ಎಂದು ಕರೆಯಲಾಗುವ ಆ ಹಳೆಯ ತಳಿ ಸ್ಪೇನಿನ ಲಿಸ್ತಾನ್ ಪ್ರಿಯೆತೊ ಎಂಬ ದ್ರಾಕ್ಷಿಯೇ ಎಂಬುದನ್ನು ಈ ಶತಮಾನದಲ್ಲಿ ನಡೆದ ಡಿಎನ್ಎ ಅಧ್ಯಯನಗಳು ತೋರಿಸಿಕೊಟ್ಟಿವೆ. ಅದೇ ತಳಿ ಚಿಲಿ ದೇಶದಲ್ಲಿ ಪಾಯಿಸ್ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ. ಕಣಿವೆಗೆ ಹೆಸರು ಕೊಟ್ಟ ಗ್ವಾದಲೂಪೆ ಮಿಷನ್ 1834ರಲ್ಲಿ, ಎರಡೂ ಕ್ಯಾಲಿಫೋರ್ನಿಯಗಳಲ್ಲಿ ಸ್ಥಾಪಿತವಾದ ಕೊನೆಯ ಮಿಷನ್ ಆಗಿ ತಲೆಯೆತ್ತಿ, ಕೆಲವೇ ವರ್ಷಗಳಲ್ಲಿ ಪಾಳುಬಿತ್ತು.

ವಾಣಿಜ್ಯ ರೂಪದ ವೈನ್ ತಯಾರಿಕೆ ಈ ಸೀಮೆಯಲ್ಲಿ ಆರಂಭವಾದದ್ದು 1888ರಲ್ಲಿ, ಇನ್ನೂ ದಕ್ಷಿಣದ ಸಾಂತೊ ತೊಮಾಸ್ ಕಣಿವೆಯ ಹಳೆಯ ಮಿಷನ್ ಭೂಮಿಯಲ್ಲಿ ಸ್ಥಾಪಿತವಾದ ಬೋದೆಗಾಸ್ ದೆ ಸಾಂತೊ ತೊಮಾಸ್ ಸಂಸ್ಥೆಯಿಂದ. ಗ್ವಾದಲೂಪೆ ಕಣಿವೆಗೆ ಬೇಸಾಯದ ಹೊಸ ಜೀವ ಬಂದದ್ದು ಮಾತ್ರ ಅನಿರೀಕ್ಷಿತ ದಿಕ್ಕಿನಿಂದ. ರಷ್ಯಾದ ಅಧಿಕೃತ ಚರ್ಚನ್ನು ಒಪ್ಪದ, ಆಯುಧ ಹಿಡಿಯುವುದು ಪಾಪವೆಂದು ನಂಬಿದ್ದ ಮೊಲೊಕಾನ್ ಎಂಬ ಪಂಥದವರು ತ್ಸಾರ್ ದೊರೆಯ ಸೈನ್ಯ ಸೇರಲು ನಿರಾಕರಿಸಿ ದೇಶ ತೊರೆದು, ಲಾಸ್ ಏಂಜಲೀಸ್ ಮಾರ್ಗವಾಗಿ ಬಂದು, 1905ರ ಸುಮಾರಿಗೆ ನೂರರಷ್ಟು ಕುಟುಂಬಗಳಾಗಿ ಇಲ್ಲಿ ನೆಲೆಸಿದರು. ಮೊದಲು ಗೋಧಿ ಬಿತ್ತಿದ ಅವರು ಕ್ರಮೇಣ ದ್ರಾಕ್ಷಿಗೂ ಕೈಹಾಕಿದರು. ಆ ಸಮುದಾಯ ಬಹುಮಟ್ಟಿಗೆ ಚದುರಿಹೋಗಿದ್ದರೂ, ಫ್ರಾನ್ಸಿಸ್ಕೊ ಸಾರ್ಕೊ ಹಳ್ಳಿಯ ವಸ್ತುಸಂಗ್ರಹಾಲಯವೂ ಬಿಬಾಯೋಫ್ ಎಂಬ ಕುಟುಂಬದ ಹೆಸರಿನ ವೈನ್ ಘಟಕವೂ ಅವರ ನೆನಪನ್ನು ಉಳಿಸಿಕೊಂಡಿವೆ.

ರಷ್ಯನ್ನರ ನಂತರ ಇಟಲಿಯವರ ಸರದಿ. ಉತ್ತರ ಇಟಲಿಯಿಂದ ಬಂದ ಆಂಜೆಲೊ ಚೆತ್ತೊ 1928ರಲ್ಲಿ ಗಡಿನಗರ ತಿಹುವಾನದಲ್ಲಿ ಆರಂಭಿಸಿದ ಉದ್ಯಮ ಮುಂದೆ ಎಲ್.ಎ. ಚೆತ್ತೊ ಎಂಬ ಹೆಸರಿನಲ್ಲಿ ದೇಶದ ಅತಿ ದೊಡ್ಡ ವೈನ್ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. 1965ರಲ್ಲಿ ಇಟಲಿಯಿಂದ ಬಂದ ವೈನ್ ತಜ್ಞ ಕಾಮಿಲೊ ಮಗೋನಿ ಸುಮಾರು ಐದು ದಶಕ ಅಲ್ಲಿ ದುಡಿದು, ಈ ಬಿಸಿಲಿಗೂ ಈ ಮಣ್ಣಿಗೂ ಯಾವ ತಳಿ ಒಗ್ಗುತ್ತದೆ ಎಂಬುದನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಇಟಲಿಯ ಪೀಡ್ಮಾಂಟ್ ಪ್ರಾಂತ್ಯದ ತಂಪಿನಲ್ಲಿ ಬೆಳೆಯುವ ನೆಬಿಯೊಲೊ ಇಲ್ಲಿ ಮೂಲಕ್ಕಿಂತ ಗಾಢ ಬಣ್ಣದ, ಬೇರೆಯದೇ ಸ್ವಭಾವದ ವೈನ್ ಕೊಡುವ ತಳಿಯಾಗಿ ಕಣಿವೆಯ ಗುರುತೇ ಆದದ್ದು ಅಂಥ ದುಡಿಮೆಯ ಫಲ.

ಗುಣಮಟ್ಟದ ಕಡೆಗೆ

1970ರ ದಶಕದಲ್ಲಿ ಕಣಿವೆಯ ದ್ರಾಕ್ಷಿಯ ದೊಡ್ಡ ಪಾಲು ಬ್ರಾಂಡಿಗೂ ಅಗ್ಗದ ವೈನಿಗೂ ಹೋಗುತ್ತಿತ್ತು. 1986ರಲ್ಲಿ ಮೆಕ್ಸಿಕೊ ದೇಶ ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ಸೇರಿ ಆಮದಿಗೆ ಬಾಗಿಲು ತೆರೆದಾಗ, ಯೂರೋಪಿನ ಅಗ್ಗದ ವೈನಿನೆದುರು ಸ್ಥಳೀಯ ಕಾರ್ಖಾನೆಗಳು ಒಂದೊಂದಾಗಿ ಸೋತವು. ಬೆಲೆಯಲ್ಲಿ ಗೆಲ್ಲಲಾಗದವರಿಗೆ ಗುಣದಲ್ಲಿ ಗೆಲ್ಲುವ ದಾರಿಯೊಂದೇ ಉಳಿಯಿತು. 1987ರಲ್ಲಿ ಗೆಳೆಯರ ಗುಂಪೊಂದು ಸ್ಥಾಪಿಸಿದ ಮೊಂತೆ ಶಾನಿಕ್ ಸಂಸ್ಥೆ ಆರಂಭದಿಂದಲೇ ಉತ್ತಮ ದರ್ಜೆಯ ವೈನನ್ನಷ್ಟೇ ಗುರಿಯಾಗಿಟ್ಟುಕೊಂಡಿತು. ಫ್ರಾನ್ಸಿನಲ್ಲಿ ಕಲಿತು ಬಂದ ಊಗೊ ದಕೋಸ್ತ ಎಂಬ ವೈನ್ ತಯಾರಕರು 1997ರಲ್ಲಿ ಕಾಸಾ ದೆ ಪಿಯೆದ್ರ ಎಂಬ ಚಿಕ್ಕ ಘಟಕವನ್ನು ಕಟ್ಟಿ, ಕಡಿಮೆ ಪ್ರಮಾಣದಲ್ಲಿ, ತೋಟದ ಗುಣ ಎದ್ದುಕಾಣುವಂತೆ ವೈನ್ ಮಾಡಬಹುದೆಂದು ತೋರಿಸಿದರು.

ದಕೋಸ್ತರ ಅತಿ ದೊಡ್ಡ ಕೊಡುಗೆಯೆಂದರೆ ಅವರ ಶಾಲೆ. ಎಲ್ ಪೊರ್ವೆನಿರ್ ಹಳ್ಳಿಯ ಹಳೆಯ ಆಲಿವ್ ಎಣ್ಣೆ ಗಾಣದ ಜಾಗದಲ್ಲಿ 2004ರಲ್ಲಿ ಆರಂಭವಾದ, ಜನ ಪ್ರೀತಿಯಿಂದ ಲಾ ಎಸ್ಕ್ವೆಲಿತಾ ಅಂದರೆ ಪುಟ್ಟ ಶಾಲೆ ಎಂದು ಕರೆಯುವ ಈ ಕೇಂದ್ರದಲ್ಲಿ, ಸ್ವಂತ ಯಂತ್ರೋಪಕರಣಗಳಿಲ್ಲದ ಬೆಳೆಗಾರರೂ ಹವ್ಯಾಸಿಗಳೂ ತಮ್ಮ ದ್ರಾಕ್ಷಿಯನ್ನು ತಂದು, ತಿಳಿದವರ ಮಾರ್ಗದರ್ಶನದಲ್ಲಿ ತಾವೇ ವೈನ್ ತಯಾರಿಸುವುದನ್ನು ಕಲಿತರು. ಹಣ್ಣನ್ನು ಕಿಲೋ ಲೆಕ್ಕದಲ್ಲಿ ದೊಡ್ಡ ಕಂಪನಿಗೆ ಮಾರಿ ಸುಮ್ಮನಾಗುತ್ತಿದ್ದ ಬೆಳೆಗಾರ ತನ್ನದೇ ಹೆಸರಿನ ಬಾಟಲಿ ಹೊರತರುವಂತಾದದ್ದು ಇದರಿಂದ, ಕಣಿವೆಯ ಅನೇಕ ಚಿಕ್ಕ ಘಟಕಗಳ ಬೇರು ಇರುವುದೂ ಈ ಶಾಲೆಯಲ್ಲೇ. ಬಾಹಾ ಕ್ಯಾಲಿಫೋರ್ನಿಯ ಸ್ವಾಯತ್ತ ವಿಶ್ವವಿದ್ಯಾಲಯ ಎನ್ಸೆನಾಡದಲ್ಲಿ ವೈನ್ ವಿಜ್ಞಾನವನ್ನೂ ಪಾಕಶಾಸ್ತ್ರವನ್ನೂ ಕಲಿಸುವ ಶಾಲೆ ತೆರೆದಿರುವುದರಿಂದ ಈಗ ಸ್ಥಳೀಯ ಯುವಕ ಯುವತಿಯರು ಈ ವಿದ್ಯೆಗಾಗಿ ದೂರ ಹೋಗಬೇಕಾಗಿಲ್ಲ.

ಊಟ, ಕಟ್ಟಡ, ಹಬ್ಬ

ಕಟ್ಟುನಿಟ್ಟಾದ ಪರಂಪರೆಯ ಹೊರೆಯಿಲ್ಲದ ಸೀಮೆಯಲ್ಲಿ ಪ್ರಯೋಗಕ್ಕೆ ಅಂಜಿಕೆಯಿರುವುದಿಲ್ಲ. ಫ್ರಾನ್ಸಿನ ಪ್ರತಿಷ್ಠಿತ ಸೀಮೆಗಳಲ್ಲಿ ಯಾವ ಊರಿನಲ್ಲಿ ಯಾವ ತಳಿ ನೆಡಬೇಕೆಂಬುದನ್ನು ಕಾನೂನೇ ಹೇಳುತ್ತದೆ. ಗ್ವಾದಲೂಪೆಯಲ್ಲಾದರೋ ಸ್ಪೇನಿನ ತೆಂಪ್ರಾನಿಯೊ, ಗ್ರೆನಾಶ್, ಫ್ರಾನ್ಸಿನ ಕ್ಯಾಬರ್ನೆ ಸೊವಿನ್ಯೊಂ, ಸಿರಾ, ಇಟಲಿಯ ನೆಬಿಯೊಲೊ ಎಲ್ಲವೂ ಒಂದೇ ತೋಟದಲ್ಲಿ ಬೆಳೆದು, ಬೇರೆಡೆ ಯಾರೂ ಕೂಡಿಸದ ರೀತಿಯಲ್ಲಿ ಒಂದೇ ಬಾಟಲಿಯಲ್ಲಿ ಬೆರೆಯಬಹುದು. ಇದೇ ಸ್ವಾತಂತ್ರ್ಯ ವಾಸ್ತುಶಿಲ್ಪದಲ್ಲೂ ಕಾಣುತ್ತದೆ. ಊಗೊ ಅವರ ಸಹೋದರ, ವಾಸ್ತುಶಿಲ್ಪಿ ಅಲೆಹಾಂದ್ರೊ ದಕೋಸ್ತ ಅವರು ಬಳಸಿ ಬಿಸುಟ ಬಾಟಲಿ, ಪೀಪಾಯಿಯ ಹಲಗೆ, ಹಾಸಿಗೆಯ ಸ್ಪ್ರಿಂಗ್‌ಗಳನ್ನೇ ಗೋಡೆ ಬಾಗಿಲುಗಳಾಗಿಸಿದರು. ವೇನಾ ಕಾವಾ ಎಂಬ ಘಟಕದ ನೆಲಮಾಳಿಗೆಗೆ ಮೀನುಗಾರರು ಕೈಬಿಟ್ಟ ದೋಣಿಗಳನ್ನು ಮಗುಚಿಟ್ಟು ಸೂರು ಮಾಡಿದರು. ಮರ, ಕಬ್ಬಿಣಗಳು ದುಬಾರಿಯಾದ ಊರಿನಲ್ಲಿ ಇರುವುದನ್ನೇ ಮರುಬಳಸುವ ಈ ಕ್ರಮ ನೆಲದ ಗುಣಕ್ಕೆ ತಕ್ಕದ್ದಾಗಿ, ಕಣಿವೆಯ ಶೈಲಿಯೆಂದೇ ಹೆಸರಾಯಿತು.

ಅಡುಗೆಯಲ್ಲಿ ಕಡಲೂ ಮರುಭೂಮಿಯೂ ಒಂದೇ ತಟ್ಟೆಗೆ ಬರುತ್ತವೆ. ಸಾನ್ ಕಿಂತಿನ್ ಕೊಲ್ಲಿಯ ಸಿಂಪಿ, ಎನ್ಸೆನಾಡ ಬಂದರಿನ ಟ್ಯೂನ ಮೀನು, ಹಿಟ್ಟಿನಲ್ಲಿ ಅದ್ದಿ ಕರಿದ ಮೀನನ್ನು ರೊಟ್ಟಿಯಲ್ಲಿ ಸುತ್ತಿ ಕೊಡುವ ತಾಕೊ, ಕಣಿವೆಯದೇ ಆಲಿವ್ ಎಣ್ಣೆ, ಕಟ್ಟಿಗೆಯ ಬೆಂಕಿಯಲ್ಲಿ ಬೆಂದ ಕುರಿಮಾಂಸ ಇವೆಲ್ಲ ಬಯಲಿನಲ್ಲಿ, ಮರದ ನೆರಳಿನಲ್ಲಿ ಬಡಿಸುವ ಪದ್ಧತಿ ಇಲ್ಲಿನ ವಿಶೇಷ. ಯುನೆಸ್ಕೊ ಸಂಸ್ಥೆ 2015ರಲ್ಲಿ ಎನ್ಸೆನಾಡವನ್ನು ಪಾಕಕಲೆಯ ಸೃಜನಶೀಲ ನಗರವೆಂದು ಗುರುತಿಸಿತು. 2024ರಲ್ಲಿ ಮೊದಲ ಬಾರಿಗೆ ಮೆಕ್ಸಿಕೊಗೆ ಬಂದ ಮಿಶೆಲಿನ್ ಮಾರ್ಗದರ್ಶಿ ಕಣಿವೆಯ ಮೂರು ಭೋಜನಾಲಯಗಳಿಗೆ ನಕ್ಷತ್ರ ಕೊಟ್ಟಿತು, ಅವುಗಳಲ್ಲೊಂದಾದ ಅನಿಮಲೋನ್ ನಡೆಯುವುದು ಪುರಾತನ ಓಕ್ ಮರವೊಂದರ ಕೆಳಗೆ. ಪ್ರತಿ ವರ್ಷ ಕೊಯ್ಲಿನ ಕಾಲದಲ್ಲಿ ನಡೆಯುವ ಫಿಯೆಸ್ತಾಸ್ ದೆ ಲಾ ವೆಂದಿಮಿಯ, ಅಂದರೆ ಸುಗ್ಗಿಯ ಹಬ್ಬಕ್ಕೆ ಗಡಿಯ ಎರಡೂ ಬದಿಯಿಂದ ಸಾವಿರಾರು ಮಂದಿ ಸೇರುತ್ತಾರೆ.

ಇಷ್ಟಾದರೂ ವೈನ್ ಮೆಕ್ಸಿಕೊದ ಜನಸಾಮಾನ್ಯರ ಪಾನೀಯವಾಗಿಲ್ಲ. ಬಿಯರೂ ತೆಕೀಲವೂ ಬಲವಾಗಿರುವ ಆ ದೇಶದಲ್ಲಿ ವರ್ಷಕ್ಕೆ ತಲಾ ಒಂದು ಲೀಟರಿನ ಆಸುಪಾಸಿನಲ್ಲಷ್ಟೇ ವೈನ್ ಬಳಕೆಯಾಗುತ್ತದೆ, ಅದರಲ್ಲೂ ಹೆಚ್ಚಿನದು ಆಮದಾಗಿ ಬಂದದ್ದು. ವೈನಿನ ಮೇಲೆ ಕನಿಷ್ಠ ಶೇಕಡ 26.5ರ ವಿಶೇಷ ತೆರಿಗೆಯೂ ಅದರ ಮೇಲೆ ಮೌಲ್ಯವರ್ಧಿತ ತೆರಿಗೆಯೂ ಬೀಳುವುದರಿಂದ ಚಿಕ್ಕ ಉತ್ಪಾದಕನ ಬಾಟಲಿ ದುಬಾರಿಯಾಗುತ್ತದೆ. 2018ರಲ್ಲಿ ಜಾರಿಗೆ ಬಂದ ವೈನ್ ಉದ್ಯಮ ಪ್ರೋತ್ಸಾಹಕ ಕಾಯ್ದೆ, ಪೂರ್ಣವಾಗಿ ಮೆಕ್ಸಿಕೊದಲ್ಲೇ ಬೆಳೆದ ದ್ರಾಕ್ಷಿಯಿಂದ ತಯಾರಾದುದನ್ನು ಮಾತ್ರ ಮೆಕ್ಸಿಕೊದ ವೈನ್ ಎನ್ನಬೇಕೆಂದು ವಿಧಿಸಿ, ಬೆಳೆಗಾರನಿಗೆ ಒಂದಿಷ್ಟು ಬಲ ತಂದಿತು.

ಬತ್ತುತ್ತಿರುವ ಅಂತರ್ಜಲ

ಕಣಿವೆಯ ಬಹುಪಾಲು ತೋಟಗಳು ಬದುಕಿರುವುದು ನೆಲದಡಿಯ ನೀರಿನ ಮೇಲೆ. ಗ್ವಾದಲೂಪೆ ಹೊಳೆ ಸಾವಿರಾರು ವರ್ಷಗಳಲ್ಲಿ ತಂದು ತುಂಬಿದ ಮರಳು ಮೆಕ್ಕಲಿನ ಪದರದಲ್ಲಿ ಮಳೆನೀರು ಇಂಗಿ ನಿಂತು ಅಂತರ್ಜಲದ ಭಂಡಾರವಾಗಿದೆ. ಕಣಿವೆಯ ರೈತರಷ್ಟೇ ಅಲ್ಲದೆ ಎನ್ಸೆನಾಡ ನಗರವೂ ಇದೇ ಭಂಡಾರದಿಂದ ದಶಕಗಳ ಕಾಲ ನೀರೆತ್ತಿದೆ. ಇಂಗುವುದಕ್ಕಿಂತ ಎತ್ತುವುದು ಹೆಚ್ಚಾದ್ದರಿಂದ ಬಾವಿಗಳ ನೀರು ಆಳಕ್ಕಿಳಿದಿದೆ. ಹೊಳೆಪಾತ್ರದಲ್ಲಿ ನಡೆದ ಮರಳು ಗಣಿಗಾರಿಕೆಯಿಂದ ನೀರು ಇಂಗುವ ಪದರವೇ ತೆಳುವಾಗಿದೆ. ಮರಳು ತೆಗೆದ ಹೊಳೆ ನೀರನ್ನೂ ಕಳೆದುಕೊಳ್ಳುತ್ತದೆ ಎಂಬ ಸತ್ಯ ಕರ್ನಾಟಕದ ಬಯಲುಸೀಮೆಯ ಓದುಗರಿಗೆ ಹೊಸದಲ್ಲ.

ಈ ಕೊರತೆ ನೇರವಾಗಿ ವೈನಿನ ರುಚಿಗೇ ಬಂದು ಮುಟ್ಟುತ್ತದೆ. ನೀರಿನ ಮಟ್ಟ ಇಳಿದಂತೆ ಉಳಿದ ನೀರಿನಲ್ಲಿ ಲವಣಾಂಶ ಏರುತ್ತದೆ. ಆ ನೀರನ್ನು ಹನಿ ನೀರಾವರಿಯ ಮೂಲಕ ಕೊಟ್ಟಾಗ ಉಪ್ಪು ಬೇರಿನ ಸುತ್ತ ಕೂಡುತ್ತ ಹೋಗುತ್ತದೆ, ಅದನ್ನು ತೊಳೆದು ಕೆಳಗಿಳಿಸಬೇಕಾದ ಚಳಿಗಾಲದ ಮಳೆ ಬರಗಾಲದ ವರ್ಷಗಳಲ್ಲಿ ಕೈಕೊಡುತ್ತದೆ. ಬಳ್ಳಿ ಹೀರಿಕೊಂಡ ಸೋಡಿಯಂ, ಕ್ಲೋರೈಡ್‌ಗಳು ಹಣ್ಣಿಗೂ ಇಳಿಯುವುದರಿಂದ ಕಣಿವೆಯ ಕೆಲವು ಕೆಂಪು ವೈನ್‌ಗಳಲ್ಲಿ ಸ್ಪಷ್ಟವಾಗಿ ಉಪ್ಪಿನ ರುಚಿ ಕಾಣುತ್ತದೆ. ಸೀಮೆಯ ಸೊಗಡೆಂದು ಇದನ್ನು ಮೆಚ್ಚುವವರಿದ್ದರೂ, ಮಿತಿಮೀರಿದ ಉಪ್ಪು ನೀರಿನ ಅಭಾವದ ಗುರುತೇ ಹೊರತು ಗುಣವಲ್ಲ.

ತಿಹುವಾನ ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ ಕೊಳವೆಮಾರ್ಗದಲ್ಲಿ ತಂದು ತೋಟಗಳಿಗೆ ಹರಿಸುವ ಯೋಜನೆಯೊಂದು ಬಹುಕಾಲದಿಂದ ಚರ್ಚೆಯಲ್ಲಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿರುವುದನ್ನು ಕಂಡವರಿಗೆ ಇದರ ಆಸೆಯೂ ಆತಂಕವೂ ಸುಲಭವಾಗಿ ಅರ್ಥವಾಗುತ್ತವೆ. ನೀರು ಬಂದರೆ ಬೆಳೆ ಉಳಿಯುತ್ತದೆ. ಆದರೆ ಸಂಸ್ಕರಣೆ ಎಷ್ಟು ಪೂರ್ಣ, ಅದರ ಲವಣ ಎಷ್ಟು, ಅದು ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಬೆಳೆಗಾರ ನಿಶ್ಚಿಂತನಾಗಿರಲಾರ.

ನೀರಿನಷ್ಟೇ ನೆಲವೂ ಕೈತಪ್ಪುತ್ತಿದೆ. 1930ರ ದಶಕದಲ್ಲಿ ಅಧ್ಯಕ್ಷ ಲಾಸರೊ ಕಾರ್ದೆನಾಸ್ ಅವರ ಭೂಸುಧಾರಣೆಯ ಕಾಲದಲ್ಲಿ ಭೂರಹಿತರಿಗೆ ಹಂಚಿಕೆಯಾದ ಎಹಿದೊ ಎಂಬ ಸಾಮುದಾಯಿಕ ಒಡೆತನದ ಭೂಮಿಯನ್ನು ಮಾರುವಂತಿರಲಿಲ್ಲ. 1992ರ ಸಂವಿಧಾನ ತಿದ್ದುಪಡಿ ಅದಕ್ಕೆ ದಾರಿ ತೆರೆದ ಮೇಲೆ, ಪ್ರವಾಸೋದ್ಯಮ ಬೆಳೆದಂತೆ ಕಣಿವೆಯ ಜಮೀನಿನ ಬೆಲೆ ದ್ರಾಕ್ಷಿಯ ಆದಾಯ ಮುಟ್ಟಲಾರದ ಎತ್ತರಕ್ಕೇರಿತು. ತೋಟದ ಜಾಗದಲ್ಲಿ ಹೋಟೆಲು, ವಸತಿ ಬಡಾವಣೆ, ಸಾವಿರಾರು ಜನ ಸೇರುವ ಸಂಗೀತ ಮೇಳಗಳ ಬಯಲು ಹುಟ್ಟಿಕೊಂಡಿವೆ. ಬೆಳೆಗಾರರೂ ವೈನ್ ತಯಾರಕರೂ ಅಡುಗೆಯವರೂ ಒಂದಾಗಿ ಇದನ್ನು ಪ್ರತಿಭಟಿಸುತ್ತಿದ್ದಾರೆ, ಭೂಬಳಕೆಯ ನಿಯಮ ಕಾಗದದಲ್ಲಿದ್ದರೆ ಸಾಲದು, ನೆಲದ ಮೇಲೆ ಜಾರಿಯಾಗಬೇಕೆಂದು ಒತ್ತಾಯಿಸುತ್ತಿದ್ದಾರೆ.

ದಾರಿ ಇಲ್ಲದಿಲ್ಲ, ಅದು ಕಣಿವೆಯ ಹಳೆಯ ತೋಟಗಳಲ್ಲೇ ಇದೆ. ಮಿಸಿಯೋನ್‌ನಂತಹ ಹಳೆಯ ತಳಿಗಳ ಗಿಡ್ಡ ಬಳ್ಳಿಗಳು ಹತ್ತಾರು ವರ್ಷಗಳಿಂದ ನೀರಾವರಿಯಿಲ್ಲದೆ, ಕೇವಲ ಮಳೆಯಾಶ್ರಿತವಾಗಿ ಉಳಿದುಬಂದಿವೆ. ಇಳುವರಿ ಕಡಿಮೆಯೆಂದು ಒಮ್ಮೆ ತಿರಸ್ಕೃತವಾಗಿದ್ದ ಇವುಗಳ ಹಣ್ಣನ್ನು ತೆಕಾತೆ ಊರಿನ ಬಿಚಿ ಘಟಕದಂತಹ ಹೊಸ ತಲೆಮಾರಿನ ತಯಾರಕರು ಹುಡುಕಿ ಕೊಂಡು, ತಿಳಿಬಣ್ಣದ, ಹಗುರವಾದ ವೈನ್ ಮಾಡಿ ಹೊರದೇಶಗಳಿಗೂ ಕಳಿಸುತ್ತಿದ್ದಾರೆ. ಬರವನ್ನು ತಾಳಬಲ್ಲ ತಳಿಗಳನ್ನು ನೆಡುವುದು, ನಗರದ ಪಾಲಿನ ನೀರಿಗೆ ಬೇರೆ ಮೂಲ ಒದಗಿಸುವುದು, ಮರಳು ಗಣಿಗಾರಿಕೆಯನ್ನು ಪೂರ್ಣವಾಗಿ ನಿಲ್ಲಿಸಿ ಹೊಳೆಪಾತ್ರದಲ್ಲಿ ಮಳೆನೀರು ಇಂಗುವಂತೆ ಮಾಡುವುದು, ತೋಟದ ಭೂಮಿ ತೋಟವಾಗಿಯೇ ಉಳಿಯುವಂತೆ ಕಾನೂನನ್ನು ನಡೆಸುವುದು ಇವು ನಾಲ್ಕೂ ಒಟ್ಟಿಗೆ ಆಗಬೇಕಾದ ಕೆಲಸಗಳು.

ಯಾವುದೇ ವೈನ್ ಸೀಮೆಯ ಹಿರಿಮೆಯನ್ನು ಅದರ ಭೋಜನಾಲಯಗಳ ನಕ್ಷತ್ರಗಳಿಂದಲೂ ಹಬ್ಬಕ್ಕೆ ಬರುವ ಜನರ ಸಂಖ್ಯೆಯಿಂದಲೂ ಅಳೆಯುವ ರೂಢಿ ಬೆಳೆದಿದೆ. ಗ್ವಾದಲೂಪೆ ಕಣಿವೆಯ ಮಟ್ಟಿಗೆ ಆ ಅಳತೆ ಸಲ್ಲದು. ಕುಮಿಯಾಯ್ ಜನರಿಂದ ಮೊದಲ್ಗೊಂಡು ರಷ್ಯಾದ ವಲಸಿಗರವರೆಗೆ, ಇಟಲಿಯ ತಜ್ಞರಿಂದ ಪುಟ್ಟ ಶಾಲೆಯ ವಿದ್ಯಾರ್ಥಿಗಳವರೆಗೆ ಇಲ್ಲಿ ಬಾಳಿದವರೆಲ್ಲರ ಬದುಕನ್ನೂ ನೀರಿನ ಮಿತಿಯೇ ರೂಪಿಸಿದೆ. ಅವರು ಕಟ್ಟಿದ ಸಂಸ್ಕೃತಿ ಉಳಿಯಬೇಕಾದರೆ ಕಣಿವೆ ತನ್ನ ಬಾವಿಗಳಿಗೆ ಹೊಂದುವಷ್ಟೇ ಬೆಳೆಯಬೇಕು.